ಕಿವಿ ಇಲ್ಲದ ಫ್ರೇಮಿಗೆ ಬ್ರೇಕ್

ಕೇಳಿಸಿತೇ ಈ ಸದ್ದು? ಹಂದಿ ಹಿಡಿದಂತೆ ಕಿರುಚುತ್ತಿರುವುದು ನನ್ನ ಸೈಕಲ್ಲಿನ ಮುಂದಿನ ಬ್ರೇಕ್. ನಾಲ್ಕು ತಿಂಗಳು ಕೂತು ಜೋಡಿಸಿದ ಸೈಕಲ್ಲು ತೀರ್ಥಹಳ್ಳಿ ಪೇಟೆಯಲ್ಲಿ ಮೊದಲ ದಿನವೇ ಮಾನ ಕಳೆಯಿತು. ಹಾಲಿನ ಡೇರಿಯ ಮುಂದೆ ಕ್ಯಾನು ಹಿಡಿದು ನಿಂತವರೆಲ್ಲ ತಿರುಗಿ ನೋಡಿದರು.

ಫ್ರೇಮು ಸಿಕ್ಕಿದ್ದು ಶಿವಮೊಗ್ಗದ ಗುಜರಿ ಅಂಗಡಿಯಲ್ಲಿ. ಹಳೆಯ ಹತ್ತು ಗೇರಿನ ರೇಸ್ ಸೈಕಲ್ಲಿನದು, ಉಕ್ಕಿನದು, ತುಕ್ಕು ಮೇಲ್ಮೇಲೆ ಮಾತ್ರ. ಅದನ್ನೇರಿ ಮಳೆಗಾಲದಲ್ಲಿ ಆಗುಂಬೆ ಘಾಟಿ ಇಳಿಯಬೇಕೆಂಬ ಹುಚ್ಚು ನನಗೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರು, ಕೆಳಗೆ ಸೋಮೇಶ್ವರದವರೆಗೆ 14 ಹೇರ್‌ಪಿನ್ ತಿರುವುಗಳು. ಗೇರು, ಸೀಟು, ಬಣ್ಣ ಎಲ್ಲ ಆಮೇಲೆ ನೋಡೋಣ, ಮೊದಲು ಬ್ರೇಕ್ ಎಂದುಕೊಂಡೆ.

ಮನಸ್ಸಿನಲ್ಲಿದ್ದದ್ದು ಡಿಸ್ಕ್ ಬ್ರೇಕ್, ಚಕ್ರದ ನಡುವಿನ ತಟ್ಟೆಯನ್ನು ಹಿಡಿದು ನಿಲ್ಲಿಸುವಂಥದ್ದು. ಮಳೆಯಲ್ಲಿ ಅದನ್ನು ಮೀರಿಸುವ ಬ್ರೇಕ್ ಇಲ್ಲ ಎಂದು ಈಗಲೂ ಒಪ್ಪುತ್ತೇನೆ. ಫ್ರೇಮನ್ನು ಹೆಗಲಿಗೇರಿಸಿಕೊಂಡು ರಿಪೇರಿ ಅಂಗಡಿಗೆ ಹೋದೆ. ಯಜಮಾನರು ಫೋರ್ಕಿನ, ಅಂದರೆ ಮುಂದಿನ ಚಕ್ರವನ್ನು ಹಿಡಿಯುವ ಕವಲಿನ, ತುದಿಯನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ, "ಡಿಸ್ಕ್ ಕೂರಿಸುವುದಕ್ಕೆ ಇದಕ್ಕೆ ಕಿವಿ ಎಲ್ಲಿದೆ ಮಾರಾಯರೇ?" ಎಂದರು. ಕಿವಿ ಅಂದರೆ ಬ್ರೇಕನ್ನು ಬಿಗಿಯುವ ಚಾಚು. ಅದನ್ನು ವೆಲ್ಡ್ ಮಾಡಿಸಿದರೆ? ಆ ಪ್ರಶ್ನೆಗೆ ಅವರು ಉತ್ತರಿಸಲೂ ಇಲ್ಲ. ಕಾರಣ ನನಗೆ ಮನೆಗೆ ಬಂದ ಮೇಲೆ ಹೊಳೆಯಿತು. ಮಾಮೂಲಿ ಬ್ರೇಕ್ ಹಿಡಿದಾಗ ಅದರ ಎಳೆತ ಬೀಳುವುದು ಫೋರ್ಕಿನ ನೆತ್ತಿಯ ಮೇಲೆ, ಅಲ್ಲಿ ಉಕ್ಕು ದಪ್ಪ. ಡಿಸ್ಕ್ ಹಿಡಿದರೆ ಅಷ್ಟೂ ಬಲ ಕೆಳತುದಿಯಲ್ಲಿ, ಅದೂ ಫೋರ್ಕಿನ ಎಡಗವಲಿನ ಮೇಲೆ ಮಾತ್ರ. ಬೆರಳು ದಪ್ಪದ ಹಳೆಯ ನಳಿಗೆ ಅದನ್ನು ತಡೆಯುವುದಕ್ಕೆಂದು ಮಾಡಿದ್ದಲ್ಲ.

ಎರಡು ಬದಿಯ ತೋಳುಗಳಿಂದ ರಿಮ್ಮನ್ನು ಹಿಡಿಯುವ ವಿ-ಬ್ರೇಕ್, ಕ್ಯಾಂಟಿಲಿವರ್ ಎರಡಕ್ಕೂ ಫೋರ್ಕಿನ ಇಕ್ಕೆಲಗಳಲ್ಲಿ ಗೂಟಗಳಿರಬೇಕು. ನನ್ನದರಲ್ಲಿ ಅವೂ ಇಲ್ಲ. ಇದ್ದಿದ್ದರೂ ವಿ-ಬ್ರೇಕಿಗೆ ನನ್ನ ಬಾಗಿದ ಹ್ಯಾಂಡಲ್ಲಿನ ಹಳೆಯ ಲಿವರ್ ಒಗ್ಗುತ್ತಿರಲಿಲ್ಲ. ಅದು ಬೇಡುವ ವೈರಿನ ಎಳೆತ ಹೆಚ್ಚುಕಡಿಮೆ ದುಪ್ಪಟ್ಟು, ಲಿವರ್ ಹ್ಯಾಂಡಲ್ಲಿಗೆ ತಾಗಿದರೂ ಬ್ರೇಕ್ ಪೂರ್ತಿ ಹಿಡಿಯುವುದಿಲ್ಲ.

ಉಳಿದದ್ದು ಕ್ಯಾಲಿಪರ್. ನಡುವಿನ ಒಂದೇ ಬೋಲ್ಟಿಗೆ ಕೂರುವ, ಇಕ್ಕಳದಂಥ ಬ್ರೇಕ್. ಇಲ್ಲಿಯೇ ನಾನು ಎಡವಿದ್ದು. ಚೆಂದ ಕಂಡದ್ದನ್ನು ಆನ್‌ಲೈನಿನಲ್ಲಿ ತರಿಸಿ ಕೂರಿಸಿದರೆ ಬ್ರೇಕ್ ರಬ್ಬರು ರಿಮ್ಮನ್ನು ಬಿಟ್ಟು ಟಯರನ್ನು ಕಚ್ಚಿತು. ಪರದೆಯ ಮೇಲೆ ನೋಡಿ, ಟಯರಿನ ಪಕ್ಕೆಯಲ್ಲಿ ಉಜ್ಜಿದ ಗುರುತು ಇನ್ನೂ ಇದೆ. ಸ್ಕೇಲು ಹಿಡಿದದ್ದು ಆಮೇಲೆ. ಚಕ್ರವನ್ನು ಕೂರಿಸಿ, ಬ್ರೇಕ್ ಬೋಲ್ಟಿನ ತೂತಿನ ನಡುವಿನಿಂದ ರಿಮ್ಮಿನಲ್ಲಿ ರಬ್ಬರು ಹಿಡಿಯುವ ಪಟ್ಟಿಯ ನಡುವಿನವರೆಗೆ ಅಳೆಯಬೇಕು. ಮುಂದೆ 53 ಮಿಲಿಮೀಟರ್ ಬಂತು, ಹಿಂದೆ 55. ನಾನು ತರಿಸಿದ್ದರ ತೋಳು ಮುಟ್ಟುವುದು 39ರಿಂದ 49ರವರೆಗೆ. ಈ ಫ್ರೇಮು ಹುಟ್ಟಿದ್ದು 27 ಇಂಚಿನ ಚಕ್ರಕ್ಕೆ, ಅಂದರೆ ಟಯರ್ ಕೂರುವ ಜಾಗದಲ್ಲಿ 630 ಮಿಲಿಮೀಟರ್ ವ್ಯಾಸ. ನಾನು ಹಾಕಿದ್ದು ಈಗಿನ 700ಸಿ ಅಳತೆಯ ಚಕ್ರ, ಅದರ ವ್ಯಾಸ 622. ವ್ಯಾಸದಲ್ಲಿ ಎಂಟು ಕಡಿಮೆ, ಹಾಗಾಗಿ ಪಟ್ಟಿ ಅದರರ್ಧ, ನಾಲ್ಕು ಮಿಲಿಮೀಟರ್ ಕೆಳಗಿಳಿಯಿತು. ಕೊನೆಗೆ ಒಗ್ಗಿದ್ದು 47ರಿಂದ 57ರವರೆಗೆ ಮುಟ್ಟುವ ಉದ್ದ ತೋಳಿನ ಡ್ಯುಯಲ್ ಪಿವಟ್ ಕ್ಯಾಲಿಪರ್. ಇದರ ಎರಡು ತೋಳುಗಳು ಬೇರೆ ಬೇರೆ ಕೀಲಿನ ಮೇಲೆ ತಿರುಗುತ್ತವೆ, ಹಿಡಿತ ಬಿಗಿ, ಒಂದೇ ಕಡೆಗೆ ವಾಲುವುದಿಲ್ಲ. ಆದರೆ ರಬ್ಬರು ರಿಮ್ಮಿಗೆ ತೀರ ಹತ್ತಿರ ಕೂರುವುದರಿಂದ ರಿಮ್ಮಿನ ಡೊಂಕನ್ನು ಸಹಿಸುವುದಿಲ್ಲ. ತೂತಿನೊಳಗೇ ಕೂರುವ ಅದರ ಹೊಸ ಮಾದರಿಯ ನಟ್ಟಿಗೆ ಫೋರ್ಕಿನ ಹಿಂಬದಿಯ ತೂತನ್ನು ಯಜಮಾನರು 8 ಮಿಲಿಮೀಟರಿಗೆ ಹಿಗ್ಗಿಸಿದರು. ಹಿಂದಿನ ಚಕ್ರದ ಕಡೆ ಡ್ರಿಲ್ ನುಗ್ಗಲು ಜಾಗವಿಲ್ಲ, ದುಂಡು ಅರ ಹಿಡಿದು ಒಂದು ಸಂಜೆ ಉಜ್ಜಿದ್ದು ನಾನೇ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ತಪ್ಪೊಪ್ಪಿಗೆ. ಬ್ರೇಕಿಗಿಂತ ಹೆಚ್ಚು ದುಡ್ಡು ಹೋದದ್ದು ರಿಮ್ಮಿಗೆ, ಹೆಚ್ಚು ಫಲ ಕೊಟ್ಟದ್ದೂ ಅದೇ. ಚಿಕ್ಕಪ್ಪನ ರಾಡ್ ಬ್ರೇಕಿನ ಸೈಕಲ್ಲನ್ನು ಮಳೆಯಲ್ಲಿ ದೇವಸ್ಥಾನದ ಹತ್ತಿರ ಹಿಡಿದರೆ ಬಸ್ ನಿಲ್ದಾಣದ ಹತ್ತಿರ ನಿಲ್ಲುತ್ತಿತ್ತು. ನಾವು ರಬ್ಬರನ್ನು ಬೈಯುತ್ತಿದ್ದೆವು, ಅರ್ಧ ತಪ್ಪು ಕ್ರೋಮಿಯಂ ಹೊಳಪಿನ ಉಕ್ಕಿನ ರಿಮ್ಮಿನದು. ಒದ್ದೆಯಾದರೆ ಅದರ ಮೇಲೆ ರಬ್ಬರು ಜಾರುತ್ತದೆ. ಅಲ್ಯೂಮಿನಿಯಂ ಹಾಗಲ್ಲ, ನೀರಿನಲ್ಲೂ ಕಚ್ಚುತ್ತದೆ. 36 ಕಡ್ಡಿಗಳನ್ನು ಬಿಚ್ಚಿ ಹೊಸ ರಿಮ್ಮಿಗೆ ಕಟ್ಟಿ, ಡೊಂಕು ತೆಗೆಸುವುದಕ್ಕೆ ಎರಡು ದಿನ ಬೇಕಾಯಿತು.

ಇನ್ನು ಆ ಕಿರುಚಾಟ. ರಬ್ಬರು ರಿಮ್ಮಿಗೆ ಪೂರ್ತಿ ಸಮನಾಗಿ ಕೂತಿತ್ತು, ಹಾಗೆ ಕೂತರೆ ಅದುರುತ್ತದೆ. ಮದುವೆಯ ಕರೆಯೋಲೆಯಿಂದ ಒಂದು ಪಟ್ಟಿ ಹರಿದುಕೊಳ್ಳಿ, ಮಡಚಿದರೆ ಒಂದು ಮಿಲಿಮೀಟರ್ ದಪ್ಪ ಬಂದರೆ ಸಾಕು. ರಬ್ಬರಿನ ಹಿಂತುದಿಗೂ ರಿಮ್ಮಿಗೂ ನಡುವೆ ಅದನ್ನು ಸಿಕ್ಕಿಸಿ, ಲಿವರ್ ಒತ್ತಿ ಹಿಡಿದು, ರಬ್ಬರಿನ ಬೋಲ್ಟು ಬಿಗಿದು, ಪಟ್ಟಿಯನ್ನು ಎಳೆದು ತೆಗೆಯಿರಿ. ಈಗ ಮುಂತುದಿ ಮೊದಲು ತಾಗುತ್ತದೆ. ಕೇಳಿ, ಬರಿಯ ಸರ್ರೆಂಬ ಸದ್ದು.

ಇದು ಆಗುಂಬೆ, ಬೆಳಿಗ್ಗೆ ಏಳು ಗಂಟೆ. ಕ್ಯಾಮೆರಾದ ಗಾಜಿನ ಮೇಲೆ ಹನಿ ನಿಂತಿದೆ, ಕ್ಷಮಿಸಿ. ಬಲಗೈಯದು ಮುಂದಿನ ಬ್ರೇಕ್, ನಿಲ್ಲಿಸುವ ಕೆಲಸ ಬಹುಪಾಲು ಅದರದೇ. ಎಡಗೈಯದನ್ನು ಜೋರಾಗಿ ಹಿಡಿದರೆ ಹಿಂದಿನ ಚಕ್ರ ಜಾರುತ್ತದೆ. ಮೊದಲ ಒಂದೆರಡು ಸುತ್ತಿನಲ್ಲಿ ರಬ್ಬರು ನೀರನ್ನು ಒರೆಸುತ್ತದೆ, ಹಿಡಿತ ಸಿಗುವುದು ಅದಾದ ಮೇಲೆ. ಹಾಗಾಗಿ ತಿರುವು ಕಾಣುವ ಮೊದಲೇ ಬೆರಳು ಒತ್ತುತ್ತಿದ್ದೇನೆ. ಮೂರನೆಯ ತಿರುವಿನಲ್ಲಿ ಎದುರಿಗೆ ಮಿನಿ ಬಸ್ಸು ಬಂತು. ನಿಂತೆ. ಚಾಲಕ ಕೈ ಎತ್ತಿ ಹೋದ.

ಸೋಮೇಶ್ವರ ತಲುಪಿದಾಗ ರಿಮ್ಮಿನಿಂದ ಬೂದುಗಪ್ಪು ನೀರು ತೊಟ್ಟಿಕ್ಕುತ್ತಿತ್ತು. ಹೋಟೆಲಿನ ಕಟ್ಟೆಯ ಮೇಲೆ ಕೂತು ಚಕ್ರ ಬಿಚ್ಚಿ ನೋಡಿದರೆ, ರಬ್ಬರಿನಲ್ಲಿ ಮರಳಿನ ಜೊತೆಗೆ ಅಲ್ಯೂಮಿನಿಯಂನ ಹೊಳೆಯುವ ಚೂರುಗಳು ನೆಟ್ಟಿದ್ದವು. ಬಿಟ್ಟರೆ ಅವು ರಿಮ್ಮನ್ನೇ ಕೆರೆಯುತ್ತವೆ. ಹೋಟೆಲಿನ ಅಮ್ಮ ಸೆರಗಿಗೆ ಸಿಕ್ಕಿಸಿದ್ದ ಪಿನ್ನು ಕೊಟ್ಟರು. ಚಹಾ ಬರುವಷ್ಟರಲ್ಲಿ ಏಳು ಚೂರು ಕಿತ್ತೆ.