ನಂಡಾದ ಒಂದು ಮರದ ಮನೆ

ಕೇಳುಗರೆಲ್ಲರಿಗೂ ನಮಸ್ಕಾರ.

ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದಲ್ಲಿ ನಂಡಾ ಅಂತ ಒಂದು ಬಡಾವಣೆ. ಅಲ್ಲೊಂದು ಪುಟ್ಟ ಮರದ ಮನೆ ಇದೆ, 1910ರಲ್ಲಿ ಕಟ್ಟಿದ್ದು. ನೋಡಲು ತೀರಾ ಸಾಧಾರಣ. ಆದರೂ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿ ಅದರ ಹೆಸರಿದೆ.

ಕಾರಣ ಒಂದು ಕಾನೂನು. ಸ್ವಂತ ಸೈಟು ಇದ್ದು, ಮನೆ ಕಟ್ಟುವಷ್ಟು ಕಾಸಿಲ್ಲದ ದುಡಿಯುವವರಿಗೆ ಸಾಲ ಕೊಡುವ ಕಾಯ್ದೆಯನ್ನು 1909ರಲ್ಲಿ ಅಲ್ಲಿನ ಸರ್ಕಾರ ತಂದಿತು. ಆ ಸಾಲದಿಂದ ಎದ್ದ ಮೊದಲ ಮನೆ ಇದು. ಅದಕ್ಕೂ ಮುಂಚೆ, 1885ರಲ್ಲೇ, ಸುಮಾರು 405 ಚದರ ಮೀಟರಿಗಿಂತ ಚಿಕ್ಕ ಸೈಟು ಮಾಡಬಾರದು ಅಂತ ಇನ್ನೊಂದು ಕಾಯ್ದೆ ಬಂದಿತ್ತು. ನಮ್ಮ ನಲವತ್ತು–ಅರವತ್ತರ ಎರಡು ಸೈಟಿಗೆ ತುಸು ಕಮ್ಮಿ. ಹಾಗಾಗಿ ಸಂಬಳದವನ ಮನೆಗೂ ಸುತ್ತ ಖಾಲಿ ಜಾಗ ಸಿಕ್ಕಿತು.

ಈ ಕಾಲದ ಮರದ ಮನೆಗಳನ್ನು ಹತ್ತಿರದಿಂದ ನೋಡಬೇಕು. ಮನೆ ನೆಲಕ್ಕೆ ತಾಗುವುದಿಲ್ಲ, ಗಟ್ಟಿ ಮರದ ಗಿಡ್ಡ ಕಂಬಗಳ ಮೇಲೆ ನಿಂತಿರುತ್ತದೆ. ಪ್ರತಿ ಕಂಬದ ತಲೆಗೂ ಒಂದು ತಗಡಿನ ಟೋಪಿ. ಗೆದ್ದಲು ಕದ್ದು ಮೇಲೇರಲು ಆಗುವುದಿಲ್ಲ; ಏರಬೇಕಾದರೆ ಟೋಪಿಯ ಅಂಚು ಸುತ್ತಿ ಮಣ್ಣಿನ ದಾರಿ ಕಟ್ಟಬೇಕು, ಅದು ಕಣ್ಣಿಗೆ ಬಿದ್ದುಬಿಡುತ್ತದೆ. ಒಳಗೆ ಕೋಣೆಗಳ ನಡುವಿನ ಗೋಡೆ ಅಂದರೆ ಒಂದೇ ಪದರ ಹಲಗೆ, ಇಂಚು ದಪ್ಪವೂ ಇಲ್ಲ. ಪಕ್ಕದ ಕೋಣೆಯಲ್ಲಿ ಗೊರಕೆ ಹೊಡೆದರೆ ಇಲ್ಲಿ ನಿದ್ದೆ ಇಲ್ಲ! ಬಾಗಿಲ ಮೇಲೆ ಕೊರೆದ ಮರದ ಜಾಲರಿ, ಗಾಳಿ ಆಡಲಿ ಅಂತ. ಚೆಂದ ಕಾಣುವುದು ಅದರಿಂದ ಬಂದ ಲಾಭ.

ಬ್ರಿಸ್ಬೇನ್ ನಗರಪಾಲಿಕೆ ಹಳೆಯ ಬಡಾವಣೆಗಳಲ್ಲಿ 1946 ಅಥವಾ ಅದಕ್ಕೂ ಹಿಂದಿನ ಮನೆಗಳನ್ನು ಸುಮ್ನೆ ಕೆಡವಲು ಬಿಡುವುದಿಲ್ಲ. ಒಳ್ಳೆಯದೇ. ಆದರೆ ಆ ನಿಯಮದ ಕಣ್ಣು ಜಾಸ್ತಿ ಇರುವುದು ಬೀದಿಗೆ ಕಾಣುವ ಮುಖದ ಮೇಲೆ. ಮುಂದಿನ ವೆರಾಂಡಾ ಉಳಿಯುತ್ತದೆ, ಹಿಂದೆ ಹಲಗೆ ಗೋಡೆ ಕಿತ್ತು ಪ್ಲಾಸ್ಟರ್‌ಬೋರ್ಡ್ ಬಡಿಯುತ್ತಾರೆ. ಕೆಲವರು ಮನೆಯನ್ನೇ ಜಾಕಿ ಕೊಟ್ಟು ಎತ್ತಿ, ಕೆಳಗೆ ಗ್ಯಾರೇಜು ಮಾಡಿಕೊಳ್ಳುತ್ತಾರೆ. ಅದಕ್ಕೆ ನನ್ನ ತಕರಾರಿಲ್ಲ. ಎತ್ತಲು, ಕತ್ತರಿಸಿ ಲಾರಿಯಲ್ಲಿ ಬೇರೆ ಊರಿಗೆ ಸಾಗಿಸಲು ಕೂಡ ಬರುವಂಥ ಮನೆ ಅದು. ನನಗೆ ಹೊಟ್ಟೆ ಉರಿಯುವುದು ಆ ತೆಳು ಗೋಡೆಗಾಗಿ. ಕಡಿಮೆ ಸಂಬಳದ ಒಂದು ಸಂಸಾರ ಎಷ್ಟು ಕಡಿಮೆ ಮರದಲ್ಲಿ ಬದುಕು ಕಟ್ಟಿಕೊಂಡಿತು ಅನ್ನುವುದಕ್ಕೆ ಸಾಕ್ಷಿ ಇರುವುದು ಅಲ್ಲೇ, ಮುಂಬಾಗಿಲಲ್ಲಿ ಅಲ್ಲ.

ನಮಸ್ಕಾರ.