ಐದನೇ ಓವರ್‌ಟೈಮ್

ನಮಸ್ಕಾರ ಕೇಳುಗರೇ.

2010ರ ಮಾರ್ಚ್ 12, ಶುಕ್ರವಾರ ರಾತ್ರಿ ನಾನೊಂದು ತಪ್ಪು ಮಾಡಿದೆ. ಆಟ ಮುಗಿಯುವ ಮೊದಲೇ ಎದ್ದು ಮನೆಗೆ ಹೋದೆ. ಅದರ ಕತೆ ಹೇಳುತ್ತೇನೆ.

ಊರು ಸ್ಕೆನೆಕ್ಟಡಿ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿದೆ. ನ್ಯೂಯಾರ್ಕ್ ಅಂದ ತಕ್ಷಣ ಮುಗಿಲೆತ್ತರದ ಕಟ್ಟಡ ನೆನೆಸಿಕೊಳ್ಳಬೇಡಿ. ಆ ಮಹಾನಗರದಿಂದ ಉತ್ತರಕ್ಕೆ ಕಾರಿನಲ್ಲಿ ಮೂರು ಗಂಟೆ ಹೋಗಬೇಕು. ಜನರಲ್ ಎಲೆಕ್ಟ್ರಿಕ್ ಕಂಪನಿ ಬೆಳೆದ ಊರು. ಹಾಗಾಗಿ ಇಂಜಿನಿಯರುಗಳು ಜಾಸ್ತಿ, ನಮ್ಮ ಕಡೆಯವರೂ ಒಂದಷ್ಟು ಜನ. ನಾನೂ ಕೆಲಸದ ಮೇಲೆ ಕೆಲವು ವರ್ಷ ಅಲ್ಲಿದ್ದೆ. ಚಳಿಗಾಲದಲ್ಲಿ ಸಂಜೆ ಐದಕ್ಕೆಲ್ಲ ಕತ್ತಲು. ಮನೆಯಲ್ಲಿ ಕೂತು ಕೂತು ಬೇಜಾರಾಗಿತ್ತು. ಜೊತೆಗೆ ಕೆಲಸ ಮಾಡುತ್ತಿದ್ದವನೊಬ್ಬ ಯೂನಿಯನ್ ಕಾಲೇಜಿನ ಹುಡುಗರ ಐಸ್ ಹಾಕಿ ನೋಡಲು ಎಳೆದುಕೊಂಡು ಹೋದ. ಹೊರಗಿನ ಚಳಿ ಸಾಲದು ಅಂತ ಒಳಗೂ ಮಂಜುಗಡ್ಡೆ ಪಕ್ಕ ಕೂರಬೇಕಾ ಅಂತ ಗೊಣಗಿಕೊಂಡೇ ಹೋದೆ.

ಹತ್ತು ನಿಮಿಷದಲ್ಲಿ ಗೊಣಗಾಟ ನಿಂತಿತು. ಆಟದ ವೇಗ ಹಾಗಿರುತ್ತದೆ. ಒಂದು ಕಡೆಗೆ ಆರು ಜನ, ಗೋಲ್‌ಕೀಪರ್ ಸೇರಿ. ಚೆಂಡಿಲ್ಲ. ಪಕ್ ಅಂತ ಗಟ್ಟಿ ರಬ್ಬರಿನ ಬಿಲ್ಲೆ, ನಮ್ಮ ಕೇರಂ ಸ್ಟ್ರೈಕರನ್ನು ಹಿಗ್ಗಿಸಿ ದಪ್ಪ ಮಾಡಿದ ಹಾಗೆ. ತೂಕ 170 ಗ್ರಾಂ ಒಳಗೆ. ಅದು ಪುಟಿಯಬಾರದು ಅಂತ ಆಟಕ್ಕೆ ಮುಂಚೆ ಫ್ರೀಜರಿನಲ್ಲಿಟ್ಟಿರುತ್ತಾರೆ. ಓಡಿ ಓಡಿ ಸುಸ್ತಾಗುವ ಆಟ, ಅದಕ್ಕೇ ಮುಕ್ಕಾಲು ನಿಮಿಷಕ್ಕೊಮ್ಮೆ ಆಟಗಾರರು ಬದಲಾಗುತ್ತಲೇ ಇರುತ್ತಾರೆ. ಇಪ್ಪತ್ತು ನಿಮಿಷದ ಮೂರು ಅವಧಿ ಮುಗಿದರೆ ಆಟ ಮುಗಿಯಿತು. ಅಂದರೆ, ಮುಗಿಯಬೇಕು.

ಯೂನಿಯನ್ ಆಡುವ ಕೂಟದ ಹೆಸರು ಇಸಿಎಸಿ. ಇಂಥ ಕೂಟಕ್ಕೆ ಅಲ್ಲಿ ಕಾನ್ಫರೆನ್ಸ್ ಅನ್ನುತ್ತಾರೆ. ಭಾಷಣದ ಕಾನ್ಫರೆನ್ಸ್ ಅಲ್ಲ, ಒಟ್ಟಿಗೆ ಆಡುವ ಕಾಲೇಜುಗಳ ಗುಂಪು. ಇದರಲ್ಲಿ ಹನ್ನೆರಡು ಕಾಲೇಜುಗಳಿವೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಕಾರ್ನೆಲ್ ಥರದ ಘಟಾನುಘಟಿಗಳು ಒಂದು ಕಡೆ. ಯೂನಿಯನ್, ಕ್ಲಾರ್ಕ್‌ಸನ್, ಸೇಂಟ್ ಲಾರೆನ್ಸ್ ಥರದ ಸಣ್ಣವು ಇನ್ನೊಂದು ಕಡೆ. ಕೋಲ್ಗೇಟ್ ಅಂತಲೂ ಒಂದಿದೆ. ಫೋನಿನಲ್ಲಿ ಹೇಳಿದಾಗ ನಮ್ಮಮ್ಮ, "ಪೇಸ್ಟಿನವರು ಕಾಲೇಜೂ ಇಟ್ಟಿದ್ದಾರಾ?" ಅಂದರು. ಅವರು ಕೇಳಿದ್ದು ಪೂರ್ತಿ ತಪ್ಪೇನಲ್ಲ. ಆ ಸಾಬೂನು-ಪೇಸ್ಟಿನ ಮನೆತನದ ಹೆಸರೇ ಅದಕ್ಕಿಟ್ಟಿರುವುದು. ಕೋಲ್ಗೇಟ್ ತಂಡ ಬಂದರೆ ಕಾರ್ನೆಲ್ ಹುಡುಗರು ಮಂಜಿನ ಮೇಲೆ ಟೂತ್‌ಪೇಸ್ಟ್ ಟ್ಯೂಬು ಎಸೆಯುತ್ತಾರೆ. ಹಾರ್ವರ್ಡ್ ಬಂದರೆ ಮೀನು ಎಸೆಯುತ್ತಾರೆ. ಕಾರ್ನೆಲ್‌ನಲ್ಲಿ ಕೃಷಿ ಕಾಲೇಜು ಇದೆ. ಅದನ್ನು ಆಡಿಕೊಳ್ಳಲು 1970ರ ದಶಕದಲ್ಲಿ ಹಾರ್ವರ್ಡಿನವರು ಕೋಳಿ ಎಸೆದರಂತೆ, ಅದಕ್ಕೆ ಇದು ಉತ್ತರವಂತೆ. ಓದಿದವರ ಜಗಳ ನೋಡಿ ಹೇಗಿರುತ್ತದೆ.

ಈ ಕೂಟದ ಟೂರ್ನಿ 1962ರಿಂದ ನಡೆಯುತ್ತಿದೆ. ಕಪ್ ಜಾಸ್ತಿ ಸಲ ಗೆದ್ದದ್ದು ಕಾರ್ನೆಲ್. ಮುಂದೆ ಮಾಂಟ್ರಿಯಲ್ ತಂಡದಲ್ಲಿ ದೊಡ್ಡ ಹೆಸರು ಮಾಡಿದ ಗೋಲ್‌ಕೀಪರ್ ಕೆನ್ ಡ್ರೈಡನ್ ಇಲ್ಲೇ ಬೆಳೆದದ್ದು. 1970ರಲ್ಲಿ ಕಾರ್ನೆಲ್ ಆಡಿದ 29 ಪಂದ್ಯಗಳನ್ನೂ ಗೆದ್ದಿತು. ಒಂದು ಸೋಲಿಲ್ಲ, ಒಂದು ಸಮವಿಲ್ಲ.

ಚಳಿಗಾಲವಿಡೀ ಲೀಗ್ ನಡೆದು ಮಾರ್ಚ್‌ನಲ್ಲಿ ಟೂರ್ನಿ ಶುರು. ಕಪ್ ಗೆದ್ದವರಿಗೆ ರಾಷ್ಟ್ರಮಟ್ಟದ ಹದಿನಾರು ತಂಡಗಳ ಟೂರ್ನಿಗೆ ನೇರ ಪ್ರವೇಶ. ಮಿಕ್ಕವರು ಆಯ್ಕೆ ಲೆಕ್ಕಾಚಾರಕ್ಕೆ ಬಾಯಿ ಬಿಟ್ಟುಕೊಂಡು ಕಾಯಬೇಕು. ಲೀಗ್‌ನಲ್ಲಿ ಅರವತ್ತು ನಿಮಿಷಕ್ಕೆ ಸಮವಾದರೆ ಚಿಕ್ಕದೊಂದು ಹೆಚ್ಚುವರಿ ಆಟವಾಡಿ ಕೈ ತೊಳೆದುಕೊಳ್ಳಬಹುದು. ಟೂರ್ನಿಯಲ್ಲಿ ಆ ಸವಲತ್ತಿಲ್ಲ. ಮತ್ತೆ ಇಪ್ಪತ್ತು ನಿಮಿಷ, ಪೂರ್ತಿ ತಂಡ. ಇದೇ ಓವರ್‌ಟೈಮ್. ಯಾರು ಮೊದಲು ಗೋಲು ಹೊಡೆದರೋ ಅವರು ಗೆದ್ದರು. ಯಾರೂ ಹೊಡೆಯದಿದ್ದರೆ? ಯಂತ್ರ ಬಂದು ಮಂಜನ್ನು ನಯ ಮಾಡಿ ಹೋಗುತ್ತದೆ. ಮತ್ತೆ ಇಪ್ಪತ್ತು ನಿಮಿಷ.

ಯೂನಿಯನ್‌ಗೆ ಇದರ ಕಹಿ ಮೊದಲೇ ಗೊತ್ತಿತ್ತು. 2006ರ ಮಾರ್ಚ್‌ನಲ್ಲಿ ಯೇಲ್ ತಂಡ ಯೂನಿಯನ್‌ನ ಇದೇ ರಿಂಕಿಗೆ, ಅಂದರೆ ಮಂಜಿನ ಅಂಗಳಕ್ಕೆ, ಬಂದು ಐದನೇ ಓವರ್‌ಟೈಮಿನಲ್ಲಿ 3-2ರಿಂದ ಗೆದ್ದು ಹೋಗಿತ್ತು. ಒಟ್ಟು ಆಟ 141 ನಿಮಿಷ 35 ಸೆಕೆಂಡ್. ಆಗ ಅದೇ ದಾಖಲೆ. ಅದು ನಾನಿಲ್ಲದ ಕಾಲ.

ನಾನಿದ್ದದ್ದು 2010ಕ್ಕೆ. ಎದುರಿಗೆ ಕ್ವಿನಿಪಿಯಾಕ್, ಕ್ವಾರ್ಟರ್ ಫೈನಲ್‌ನ ಮೊದಲ ಪಂದ್ಯ. ಮೂರರಲ್ಲಿ ಎರಡು ಗೆದ್ದವರು ಮುಂದಕ್ಕೆ. ಅರವತ್ತು ನಿಮಿಷಕ್ಕೆ 2-2. ಮೊದಲ ಓವರ್‌ಟೈಮಿನಲ್ಲಿ ಎಲ್ಲರೂ ನಿಂತೇ ನೋಡಿದೆವು. ಎರಡನೆಯದರಲ್ಲಿ ಕೂತೆವು. ಮೂರನೆಯದರ ಹೊತ್ತಿಗೆ ಪಾಪ್‌ಕಾರ್ನೂ ಮುಗಿದಿತ್ತು, ಗಂಟಲೂ ಬಿದ್ದುಹೋಗಿತ್ತು. ಮೊದಲು ಬೆಂಚಿನಿಂದ ಬೇಲಿ ಹಾರಿ ಮಂಜಿಗೆ ಇಳಿಯುತ್ತಿದ್ದ ಆಟಗಾರರು ಈಗ ಬಾಗಿಲು ತೆರೆದು ನಿಧಾನವಾಗಿ ಇಳಿಯುತ್ತಿದ್ದರು. ಮೂರನೇ ಓವರ್‌ಟೈಮೂ ಗೋಲಿಲ್ಲದೆ ಮುಗಿಯಿತು. ಕಾಲು ಮರಗಟ್ಟಿತ್ತು. "ನಾಳೆ ಪೇಪರಿನಲ್ಲಿ ನೋಡಿದರಾಯಿತು ಬಿಡು" ಅಂತ ಎದ್ದೆ. ಕರೆದುಕೊಂಡು ಹೋಗಿದ್ದವನು ನನ್ನತ್ತ ನೋಡಿದ ನೋಟ ಇನ್ನೂ ಮರೆತಿಲ್ಲ.

ಬೆಳಿಗ್ಗೆ ಗೊತ್ತಾಯಿತು. ಆಟ ಮುಗಿದದ್ದು 150 ನಿಮಿಷ 22 ಸೆಕೆಂಡಿಗೆ. ಮತ್ತೆ ಐದನೇ ಓವರ್‌ಟೈಮ್, ಮತ್ತೆ 3-2, ಮತ್ತೆ ಯೂನಿಯನ್‌ಗೇ ಸೋಲು. ಕಾಲೇಜು ಹಾಕಿಯಲ್ಲೇ ಅಲ್ಲಿಯ ತನಕ ಅಷ್ಟು ಉದ್ದದ ಪಂದ್ಯ ಆಗಿರಲಿಲ್ಲ. ನಾನು ಇನ್ನು ಅರ್ಧ ಗಂಟೆ ಆಟ ನೋಡಿದ್ದರೆ ಸಾಕಿತ್ತು. ಸರಿಯಾಗಿ ಹೇಳಬೇಕೆಂದರೆ 30 ನಿಮಿಷ 22 ಸೆಕೆಂಡ್. ಈ ಲೆಕ್ಕವನ್ನು ಆಫೀಸಿನಲ್ಲಿ ತಿಂಗಳುಗಟ್ಟಲೆ ನನಗೆ ಒಪ್ಪಿಸಿದರು.

ಇಲ್ಲಿಗೆ ನಿಲ್ಲಿಸಿದ್ದರೆ ಅದು ಬರೀ ದಾಖಲೆಯ ಕತೆ. ನನಗೆ ಹಿಡಿಸಿದ್ದು ಮುಂದಿನದು. ಎಂಟು ಅವಧಿ ಆಡಿ ಸೋತ ಅದೇ ಹುಡುಗರು ಮುಂದಿನ ಎರಡು ಪಂದ್ಯ ಗೆದ್ದರು. ಸರಣಿಯೇ ಅವರದಾಯಿತು. ಪಕ್ಕದ ಆಲ್ಬನಿಯಲ್ಲಿ ಫೈನಲ್ ತನಕ ಹೋಗಿ ಕಾರ್ನೆಲ್‌ಗೆ 3-0ರಿಂದ ಸೋತರು. ಎರಡು ಸಾವಿರದ ಚಿಲ್ಲರೆ ವಿದ್ಯಾರ್ಥಿಗಳ ಕಾಲೇಜು, ಆಟಗಾರರಿಗೆ ಕ್ರೀಡಾ ವಿದ್ಯಾರ್ಥಿವೇತನವೂ ಕೊಡುತ್ತಿರಲಿಲ್ಲ. ಇಷ್ಟೇ ಇವರ ಎತ್ತರ ಅಂದುಕೊಂಡೆವು.

2012ರಲ್ಲಿ ಕಪ್ ಗೆದ್ದರು. 2013ರಲ್ಲೂ ಗೆದ್ದರು. ಆ ವರ್ಷಗಳಲ್ಲಿ ಸೆಮಿಫೈನಲ್, ಫೈನಲ್ ಅಟ್ಲಾಂಟಿಕ್ ಸಿಟಿಯಲ್ಲಿ. ಕಡಲ ತೀರದ ಜೂಜಿನ ಊರಿಗೂ ಐಸ್ ಹಾಕಿಗೂ ಏನು ನಂಟೋ, ಮೂರು ವರ್ಷ ನಡೆಸಿ ಬಿಟ್ಟರು. ಒಂದು ತಮಾಷೆ ಹೇಳಲೇಬೇಕು. 2013ರಲ್ಲಿ ಯೇಲ್ ಅಲ್ಲಿ ಎರಡು ಪಂದ್ಯ ಆಡಿ ಎರಡನ್ನೂ ಸೋತಿತು, ಒಂದೂ ಗೋಲು ಹೊಡೆಯಲಿಲ್ಲ. ಹೇಗೋ ರಾಷ್ಟ್ರೀಯ ಟೂರ್ನಿಯೊಳಗೆ ನುಸುಳಿ, ಕೊನೆಗೆ ಅಲ್ಲಿ ಚಾಂಪಿಯನ್ ಆಯಿತು!

2014ಕ್ಕೆ ಟೂರ್ನಿ ಲೇಕ್ ಪ್ಲಾಸಿಡ್‌ಗೆ ವಾಪಸ್ ಬಂತು. ಈ ಸಲ ನಾನೇ ಕಾರು ತೆಗೆದೆ. ಆಡಿರಾಂಡ್ಯಾಕ್ ಬೆಟ್ಟಗಳ ನಡುವೆ ಎರಡು ಸಾವಿರದ ಚಿಲ್ಲರೆ ಜನರಿರುವ ಪುಟ್ಟ ಊರು. ಅಷ್ಟು ಚಿಕ್ಕ ಊರಲ್ಲಿ 1932ರಲ್ಲಿ ಒಮ್ಮೆ, 1980ರಲ್ಲಿ ಒಮ್ಮೆ ಚಳಿಗಾಲದ ಒಲಿಂಪಿಕ್ಸ್ ನಡೆದಿದೆ. ಮುಖ್ಯ ಬೀದಿಯ ಹಿಂದೆ ಮಿರರ್ ಲೇಕ್. ಮಾರ್ಚ್‌ನಲ್ಲೂ ಕೆರೆ ಹೆಪ್ಪುಗಟ್ಟಿತ್ತು, ಅದರ ಮೇಲೆ ಜನ ನಾಯಿ ಕರೆದುಕೊಂಡು ನಡೆಯುತ್ತಿದ್ದರು. ನಾನು ದಡದಲ್ಲೇ ನಿಂತೆ.

ಆಡುವ ರಿಂಕಿಗೆ ಕೋಚ್ ಹರ್ಬ್ ಬ್ರೂಕ್ಸ್ ಹೆಸರಿಟ್ಟಿದ್ದಾರೆ. 1980ರ ಫೆಬ್ರವರಿ 22ರಂದು ಅವರ ಹುಡುಗರು ಇಲ್ಲೇ ಸೋವಿಯತ್ ತಂಡವನ್ನು 4-3ರಿಂದ ಸೋಲಿಸಿದ್ದು. ಅಮೆರಿಕದವರು ಇವತ್ತಿಗೂ ಅದನ್ನು ಪವಾಡ ಅನ್ನುತ್ತಾರೆ. ಆ ತಂಡದಲ್ಲಿದ್ದವರೆಲ್ಲ ಇಂಥ ಕಾಲೇಜುಗಳಿಂದ ಬಂದ ಹುಡುಗರೇ. ಗೆಲುವಿನ ಗೋಲು ಹೊಡೆದ ಮೈಕ್ ಇರುಜಿಯೋನೆ, ಗೋಲ್‌ಕೀಪರ್ ಜಿಮ್ ಕ್ರೇಗ್ ಇಬ್ಬರೂ ಬಾಸ್ಟನ್ ವಿಶ್ವವಿದ್ಯಾಲಯದವರು. ಆಗ ಬಾಸ್ಟನ್ನೂ ಇದೇ ಇಸಿಎಸಿ ಕೂಟದಲ್ಲಿತ್ತು, 1984ರಲ್ಲಿ ಬೇರೆಯಾಯಿತು.

ಫೈನಲ್‌ನಲ್ಲಿ ಯೂನಿಯನ್ ಕೋಲ್ಗೇಟನ್ನು ಸೋಲಿಸಿತು. ಸತತ ಮೂರನೇ ಕಪ್. ಅಮ್ಮನಿಗೆ ಫೋನ್ ಮಾಡಿ "ಪೇಸ್ಟಿನವರು ಸೋತರು" ಅಂದೆ. ಮೂರು ವಾರ ಬಿಟ್ಟು, ಏಪ್ರಿಲ್ 12ರಂದು, ಫಿಲಡೆಲ್ಫಿಯಾದಲ್ಲಿ ರಾಷ್ಟ್ರೀಯ ಫೈನಲ್. ಎದುರಿಗೆ ಐವತ್ತು ಸಾವಿರದ ಆಸುಪಾಸು ವಿದ್ಯಾರ್ಥಿಗಳಿರುವ ಮಿನ್ನೆಸೋಟ. ಯೂನಿಯನ್ ಅವರನ್ನು 7-4ರಿಂದ ಹೊಡೆಯಿತು. ಸ್ಕೆನೆಕ್ಟಡಿಯಲ್ಲಿ ಆ ರಾತ್ರಿ ಯಾರೂ ಬೇಗ ಮಲಗಲಿಲ್ಲ.

ಆ ವರ್ಷದ ಕೊನೆಗೆ ನಾನು ಬೆಂಗಳೂರಿಗೆ ಬಂದೆ. 2015ರ ಮಾರ್ಚ್ 7, ಶನಿವಾರ. ಬೆಳಿಗ್ಗೆ ದೋಸೆ ತಿನ್ನುತ್ತಾ ಸುಮ್ನೆ ಮೊಬೈಲ್ ತೆಗೆದೆ. ಬೇರೊಂದು ಕಾನ್ಫರೆನ್ಸ್, ಹಾಕಿ ಈಸ್ಟ್. ನೋಟ್ರ ಡೇಮ್‌ಗೂ ಮ್ಯಾಸಚುಸೆಟ್ಸ್‌ಗೂ ಪಂದ್ಯ. 3-3, ಮೂರನೇ ಓವರ್‌ಟೈಮ್. ತಟ್ಟೆ ಬದಿಗಿಟ್ಟೆ. ಪರದೆಯಲ್ಲಿ ಚಿತ್ರವೂ ಇಲ್ಲ, ಬರೀ ಅಂಕಿ. ಅಲ್ಲಿ ಮಧ್ಯರಾತ್ರಿ ಕಳೆಯಿತು, ಇಲ್ಲಿ ಹತ್ತೂವರೆ ದಾಟಿತು. ಹೆಂಡತಿ ಸಂತೆಗೆ ಹೊರಡೋಣ ಅಂತ ಎರಡು ಸಲ ಕರೆದಳು. ಐದನೇ ಓವರ್‌ಟೈಮ್. 151 ನಿಮಿಷ 42 ಸೆಕೆಂಡಿಗೆ ಮ್ಯಾಸಚುಸೆಟ್ಸ್ ಗೋಲು ಹೊಡೆಯಿತು. ನಮ್ಮೂರಿನ ದಾಖಲೆಗಿಂತ ಒಂದು ನಿಮಿಷ ಇಪ್ಪತ್ತು ಸೆಕೆಂಡ್ ಜಾಸ್ತಿ.

ಸ್ಕೆನೆಕ್ಟಡಿಯ ಆ ಗೆಳೆಯನಿಗೆ ಮೆಸೇಜ್ ಕಳಿಸಿದೆ: "ಈ ಸಲ ಎದ್ದು ಹೋಗಲಿಲ್ಲ." ಒಂದು ನಿಮಿಷದೊಳಗೆ ಉತ್ತರ ಬಂತು. ಅವನೂ ಮಲಗಿರಲಿಲ್ಲ.

ನಮಸ್ಕಾರ.