ಕೂಟ ನಮ್ಮೂರಿಗೆ ಬರಬೇಕಾದರೆ

ಕೇಳುಗರೆಲ್ಲರಿಗೂ ನಮಸ್ಕಾರ.

ಬಳ್ಳಾರಿಯಿಂದ ಹೊಸಪೇಟೆ ದಾರಿ ಹಿಡಿದು ಹೊರಟರೆ ನಡುವೆ ತೋರಣಗಲ್ಲು ಸಿಗುತ್ತದೆ. ಉಕ್ಕಿನ ಕಾರ್ಖಾನೆ, ಅದಿರಿನ ಲಾರಿಗಳು, ರಸ್ತೆ ಬದಿಯ ಜಾಲಿಗಿಡಗಳ ಮೇಲೆ ಕೂತ ಕೆಂಪು ಧೂಳು, ಇವು ನಿಮಗೆ ಗೊತ್ತೇ ಇವೆ. ಆ ಕಾರ್ಖಾನೆಯ ಮಗ್ಗುಲಿಗೇ 2018ರಲ್ಲಿ ಶುರುವಾದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆ ಇದೆ. 2023ರ ಮಾರ್ಚ್ ಮೊದಲ ವಾರದಲ್ಲಿ ಅಲ್ಲಿ ಜಿಗಿತದ ಸ್ಪರ್ಧೆಗಳಿಗೆಂದೇ ಒಂದು ರಾಷ್ಟ್ರೀಯ ಕೂಟ ನಡೆಯಿತು. ತಮಿಳುನಾಡಿನ ಜೆಸ್ವಿನ್ ಆಲ್ಡ್ರಿನ್ ಉದ್ದಜಿಗಿತದಲ್ಲಿ 8.42 ಮೀಟರ್ ಹಾರಿದರು. ಅದಕ್ಕೂ ಮೊದಲು ಕೇರಳದ ಶ್ರೀಶಂಕರ್ ಹೆಸರಿನಲ್ಲಿದ್ದ ರಾಷ್ಟ್ರೀಯ ದಾಖಲೆ 8.36. ಅದೇ ವರ್ಷ ಜೂನ್ ತಿಂಗಳಲ್ಲಿ ಶ್ರೀಶಂಕರ್ ಭುವನೇಶ್ವರದಲ್ಲಿ ಮತ್ತೆ ಹಾರಿದರು. ಈ ಸಲ 8.41. ನಮ್ಮ ಬಳ್ಳಾರಿ ಜಿಲ್ಲೆಯ ಮರಳಿನ ಗುಂಡಿಯಲ್ಲಿ ಮೂಡಿದ ಗುರುತಿಗೆ ಒಂದೇ ಒಂದು ಸೆಂಟಿಮೀಟರ್ ಕಡಿಮೆ!

ಆ ಒಂದು ಸೆಂಟಿಮೀಟರ್ ಬಗ್ಗೆ ನಾನು ಬಹಳ ಯೋಚನೆ ಮಾಡಿದ್ದೇನೆ. ಹಾರಿದವರು ಆಟಗಾರರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರು ಹಾರಿ ಎದ್ದು ಹೋದ ಮೇಲೆ ಗುಂಡಿಯ ಪಕ್ಕದಲ್ಲಿ ಒಬ್ಬರು ಬಗ್ಗಿ ಕೂತು, ಮರಳಿನಲ್ಲಿ ಬೋರ್ಡಿಗೆ, ಅಂದರೆ ಕಾಲೂರಿ ಜಿಗಿಯುವ ಹಲಗೆಗೆ, ಎಲ್ಲಕ್ಕಿಂತ ಹತ್ತಿರದ ಗುರುತು ಯಾವುದು ಎಂದು ಹುಡುಕಬೇಕು. ಅದು ಹಿಮ್ಮಡಿಯದ್ದೇ ಆಗಬೇಕೆಂದಿಲ್ಲ. ಹಿಂದಕ್ಕೆ ಊರಿದ ಅಂಗೈಯದ್ದಾಗಬಹುದು, ಚಡ್ಡಿಯ ಅಂಚು ಸವರಿದ್ದೂ ಆಗಬಹುದು. ಅಳತೆ ಆ ಬೋರ್ಡಿನ ರೇಖೆಗೆ ಲಂಬವಾಗಿಯೇ ಬರಬೇಕು, ಸ್ವಲ್ಪ ಓರೆಯಾದರೆ ಅಂಕಿ ಬದಲಾಗುತ್ತದೆ. ಗುಂಡಿಯ ಮರಳು ಬೋರ್ಡಿನ ಮಟ್ಟಕ್ಕೆ ಸಮನಾಗಿರಬೇಕು. ಗಾಳಿ ಸೆಕೆಂಡಿಗೆ 2 ಮೀಟರ್‌ಗಿಂತ ಜಾಸ್ತಿ ಬೆನ್ನಿಗೆ ಬಿದ್ದಿದ್ದರೆ ದಾಖಲೆ ಎಂಬ ಮಾತೇ ಇಲ್ಲ. ಇಷ್ಟನ್ನೂ ಕಣ್ಣಲ್ಲಿ ಕಣ್ಣಿಟ್ಟು ಮಾಡುವ ಆರೇಳು ಜನ ಅಲ್ಲಿ ಇದ್ದುದರಿಂದ 8.42 ಎಂಬುದು 8.42 ಆಗಿ ಉಳಿಯಿತು.

ನಾನು ಈ ಭಾಗದ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣ ನಿರ್ದೇಶಕನಾಗಿ ಕೆಲಸ ಮಾಡಿ ನಿವೃತ್ತನಾದವನು. ಈಗಲೂ ಬೆಳಗ್ಗೆ ಮೈದಾನಕ್ಕೆ ಹೋದರೆ ಹುಡುಗರು ಕೇಳುತ್ತಾರೆ: ಸರ್, ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್ ಕೂಟ ನಮ್ಮ ಕಡೆ ಯಾಕೆ ನಡೆಯೋದಿಲ್ಲ? ಟ್ರ್ಯಾಕ್ ಐತಲ್ಲ? ಇವತ್ತಿನ ಮಾತು ಆ ಪ್ರಶ್ನೆಗೆ ನನ್ನ ಉತ್ತರ.

ಈ ಕೂಟವನ್ನು ನಡೆಸಿಕೊಡುವುದು ಭಾರತೀಯ ವಿಶ್ವವಿದ್ಯಾಲಯಗಳ ಸಂಘ. 1925ರಲ್ಲಿ ಹುಟ್ಟಿದ ಸಂಸ್ಥೆ. ಸಂಘಕ್ಕೆ ಸ್ವಂತ ಮೈದಾನವಿಲ್ಲ. ಯಾವುದಾದರೂ ವಿಶ್ವವಿದ್ಯಾಲಯ ಮುಂದೆ ಬಂದು, ನಾವು ನಡೆಸುತ್ತೇವೆ ಎಂದು ಹೊಣೆ ಹೊರಬೇಕು. ಆಗ ಮೊದಲು ಕೇಳುವುದು ಎಂಟು ಲೇನಿನ 400 ಮೀಟರ್ ಸಿಂಥೆಟಿಕ್ ಟ್ರ್ಯಾಕ್ ಇದೆಯೇ ಎಂದು. ಆಮೇಲೆ ಹಾಸಿಗೆ, ಊಟ, ರೈಲು, ಆಸ್ಪತ್ರೆ. ನಮ್ಮ ರಾಜ್ಯದಲ್ಲಿ ಮಂಗಳೂರು ವಿಶ್ವವಿದ್ಯಾಲಯದ ಹೆಸರಿನಲ್ಲಿ ಮೂಡುಬಿದಿರೆ ಈ ಕೂಟವನ್ನು 2020ರ ಜನವರಿಯಲ್ಲಿ ನಡೆಸಿತು, ಎರಡು ವರ್ಷದ ನಂತರ 2022ರ ಜನವರಿಯಲ್ಲಿ ಮತ್ತೆ ಪುರುಷರ ಕೂಟ ನಡೆಸಿತು. ಮೂಡುಬಿದಿರೆ ಮಹಾನಗರವಲ್ಲ. ಬಸದಿಗಳ ಊರು, ನಮ್ಮ ಬಳ್ಳಾರಿಗಿಂತ ಎಷ್ಟೋ ಚಿಕ್ಕದು. ರೈಲು ನಿಲ್ದಾಣವೂ ಇಲ್ಲ. ಆದರೂ ದೇಶದ ಮೂಲೆಮೂಲೆಯಿಂದ ಬಂದ ಸಾವಿರಾರು ಮಕ್ಕಳನ್ನು ಆ ಊರು ಸಂಭಾಳಿಸಿತು.

ಅಮೆರಿಕದಲ್ಲೂ ಕಥೆ ಹೆಚ್ಚುಕಡಿಮೆ ಇದೇ. ಅಲ್ಲಿಯ ಕಾಲೇಜು ಕ್ರೀಡೆಗಳನ್ನು ನೋಡಿಕೊಳ್ಳುವ ಎನ್‌ಸಿಎಎ ಸಂಸ್ಥೆ ಮೊದಲ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್ ಮಾಡಿದ್ದು 1921ರಲ್ಲಿ, ಶಿಕಾಗೊದಲ್ಲಿ. ಮೊದಲೆಲ್ಲ ಊರೂರು ಸುತ್ತಿದ ಕೂಟ ಈಚಿನ ವರ್ಷಗಳಲ್ಲಿ ಆರೆಗನ್ ರಾಜ್ಯದ ಯುಜೀನ್ ಎಂಬ ಊರಿಗೆ ಅಂಟಿಕೊಂಡುಬಿಟ್ಟಿದೆ. 2013ರಿಂದ 2018ರವರೆಗೆ ಸತತ ಆರು ವರ್ಷ ಅಲ್ಲೇ. ಅಲ್ಲಿಯ ಹೇವರ್ಡ್ ಫೀಲ್ಡ್ ಕ್ರೀಡಾಂಗಣವನ್ನು ಕೆಡವಿ ಹೊಸದಾಗಿ ಕಟ್ಟುತ್ತಿದ್ದಾಗ, 2019ರಲ್ಲಿ, ಟೆಕ್ಸಸ್ಸಿನ ಆಸ್ಟಿನ್‌ಗೆ ಹೋಯಿತು. 2020ರಲ್ಲಿ ಕೊರೊನಾದಿಂದ ನಡೆಯಲೇ ಇಲ್ಲ. 2021ಕ್ಕೆ ಮತ್ತೆ ಯುಜೀನ್. ನಿಮಗೆ ಈ ಊರಿನ ಹೆಸರು ಎಲ್ಲೋ ಕೇಳಿದಂತೆ ಅನಿಸಿದರೆ ಅದು ಸರಿಯೇ. 2022ರ ಜುಲೈನಲ್ಲಿ ನಮ್ಮ ನೀರಜ್ ಚೋಪ್ರಾ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 88.13 ಮೀಟರ್ ಜಾವೆಲಿನ್ ಎಸೆದು ಬೆಳ್ಳಿ ಗೆದ್ದದ್ದು ಅದೇ ಹೇವರ್ಡ್ ಫೀಲ್ಡಿನಲ್ಲಿ. ಆ ಊರಿನ ಜನಸಂಖ್ಯೆ ಎರಡು ಲಕ್ಷವೂ ಇಲ್ಲ. ಬಳ್ಳಾರಿ ನಗರದಲ್ಲಿ 2011ರ ಜನಗಣತಿಯ ಹೊತ್ತಿಗೇ ನಾಲ್ಕು ಲಕ್ಷ ದಾಟಿತ್ತು.

ಹಾಗಾದರೆ ಯುಜೀನ್‌ನಲ್ಲಿ ಏನಿದೆ? ಹಣ ಇದೆ, ಒಳ್ಳೆಯ ಕ್ರೀಡಾಂಗಣ ಇದೆ, ಅದನ್ನು ಮರೆಮಾಚಬೇಕಿಲ್ಲ. ಆದರೆ ಅದಕ್ಕಿಂತ ಹಳೆಯದು ಇನ್ನೊಂದಿದೆ. ತಲೆಮಾರುಗಳಿಂದ ಓಟ, ಎಸೆತ, ಜಿಗಿತ ನೋಡಿ ಪಳಗಿದ ಜನ. ಕೂಟ ಬಂತೆಂದರೆ ಹರ್ಡಲ್ ಜೋಡಿಸಲು, ಟೇಪು ಹಿಡಿಯಲು, ಲ್ಯಾಪ್ ಅಂದರೆ ಓಟದ ಸುತ್ತು ಎಣಿಸಲು ಊರಿನವರೇ ಬರುತ್ತಾರೆ, ಮತ್ತು ಹೋದ ವರ್ಷ ಬಂದವರೇ ಈ ವರ್ಷವೂ ಬರುತ್ತಾರೆ. ಆಮೇಲೆ, ಎನ್‌ಸಿಎಎ ಆತಿಥೇಯರನ್ನು ವರ್ಷ ವರ್ಷ ಹುಡುಕುವುದಿಲ್ಲ. ಹಲವು ವರ್ಷಗಳಿಗೆ ಒಟ್ಟಿಗೇ ಅರ್ಜಿ ಕರೆದು ಯಾವ ವರ್ಷ ಎಲ್ಲಿ ಎಂಬುದನ್ನು ಮೊದಲೇ ಹೇಳಿಬಿಡುತ್ತದೆ. ತಯಾರಿಗೆ ಕಾಲ ಸಿಗುತ್ತದೆ. ನಮ್ಮ ವಿಶ್ವವಿದ್ಯಾಲಯಗಳ ಸಂಘದ ಕ್ರೀಡಾ ವೇಳಾಪಟ್ಟಿ ಶೈಕ್ಷಣಿಕ ವರ್ಷಕ್ಕೊಂದರಂತೆ ಬರುತ್ತದೆ. ಹೊಸ ಊರಿನವರು ಇಷ್ಟರೊಳಗೆ ಜನರನ್ನು ತಯಾರು ಮಾಡುವುದು ಬಹಳ ಕಷ್ಟ. ಇದನ್ನು ಬದಲಾಯಿಸಿದರೆ ಒಳ್ಳೆಯದು ಎಂದು ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

ಒಂದೇ ಊರಿಗೆ ಮತ್ತೆ ಮತ್ತೆ ಕೊಟ್ಟರೆ ಉಳಿದವರ ಗತಿ ಏನು ಎಂಬ ತಕರಾರು ಅಲ್ಲೂ ಇದೆ, ಇಲ್ಲೂ ಇದೆ. ನ್ಯಾಯವಾದ ತಕರಾರು. ಮಣಿಪುರದ ಹುಡುಗಿ ಮೂರು ದಿನ ರೈಲಿನಲ್ಲಿ ಕಾಲು ಮಡಚಿ ಕೂತು ಬಂದು, ಮಾರನೇ ಬೆಳಗ್ಗೆ 400 ಮೀಟರಿನ ಹೀಟ್ಸ್, ಅಂದರೆ ಮೊದಲ ಸುತ್ತಿನ ಓಟ, ಓಡಬೇಕು. ಅದೇ ಊರಿನ ಕಾಲೇಜಿನ ಹುಡುಗಿ ಮನೆಯ ಅನ್ನ ಉಂಡು, ತನ್ನ ಹಾಸಿಗೆಯಲ್ಲಿ ಮಲಗಿ ಬರುತ್ತಾಳೆ. ಕೂಟ ದೇಶ ಸುತ್ತಬೇಕು. ಅದರಲ್ಲೂ ಕಲ್ಯಾಣ ಕರ್ನಾಟಕದಂಥ ಕಡೆಗೆ ಬರಬೇಕು, ಏಕೆಂದರೆ ನಮ್ಮ ಹಳ್ಳಿಯ ಮಕ್ಕಳು ಹ್ಯಾಮರ್ ಎಸೆತ ಹೇಗಿರುತ್ತದೆ ಎಂಬುದನ್ನು ಮೊಬೈಲಿನಲ್ಲಿ ಬಿಟ್ಟರೆ ಕಣ್ಣಾರೆ ನೋಡಿಯೇ ಇಲ್ಲ.

ಹವಾಮಾನದ ಮಾತೂ ಬರುತ್ತದೆ. ಬಳ್ಳಾರಿಯ ಬಿಸಿಲು ಎಂದರೆ ಹೊರಗಿನವರು ಹೆದರುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಾದರೆ ಹೆದರಬೇಕಾದ್ದೇ, 40 ಡಿಗ್ರಿ ದಾಟುತ್ತದೆ, ಸಿಂಥೆಟಿಕ್ ಟ್ರ್ಯಾಕಿನ ಮೇಲೆ ಬರಿಗಾಲು ಇಡಲಾಗದು. ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟವನ್ನು 2023ರಲ್ಲಿ ಉತ್ತರ ಪ್ರದೇಶದಲ್ಲಿ ಮೇ 25ರಿಂದ ಜೂನ್ 3ರವರೆಗೆ ನಡೆಸಿದರು. ಆ ತಿಂಗಳಲ್ಲಿ ದೂರದ ಓಟ ಓಡಿಸುವುದು ನನಗೆ ಒಪ್ಪಿಗೆಯಿಲ್ಲ, ಎಲ್ಲೇ ಆಗಲಿ. ಆದರೆ ಡಿಸೆಂಬರ್, ಜನವರಿಯಲ್ಲಿ ನಮ್ಮ ಊರಿನ ಬೆಳಗು ಎಷ್ಟು ಹಿತ ಎಂದು ನಿಮಗೆ ನಾನು ಹೇಳಬೇಕೇ? ಸಮುದ್ರ ಮಟ್ಟದಿಂದ ಸುಮಾರು 500 ಮೀಟರ್ ಎತ್ತರ, ಅಷ್ಟೇ. ಅಮೆರಿಕದ ಕಾಲೇಜುಗಳ ಒಳಾಂಗಣ ಕೂಟ 2023ರಲ್ಲಿ ಅಲ್ಬುಕರ್ಕಿಯಲ್ಲಿ ನಡೆಯಿತು. ಅದು 1,500 ಮೀಟರ್‌ಗೂ ಎತ್ತರದ ಊರು. ಅಲ್ಲಿ ಗಾಳಿ ತೆಳು. ಕಡಿಮೆ ದೂರ ಓಡುವ ಸ್ಪ್ರಿಂಟರ್‌ಗಳಿಗೆ ಲಾಭ, 5,000 ಮೀಟರ್ ಓಡುವವರಿಗೆ ಎದೆ ಬಿಗಿತ. ಅಂಥ ತೊಡಕು ನಮಗಿಲ್ಲ.

ಟ್ರ್ಯಾಕ್ ಉಂಟು. ಚಳಿಗಾಲ ಹಿತವಾಗಿದೆ. ಗುಂಟಕಲ್ ಜಂಕ್ಷನ್ ಹತ್ತಿರ, ರೈಲಿಗೆ ತೊಂದರೆಯಿಲ್ಲ. ಊಟಕ್ಕಂತೂ ನಮ್ಮ ಜನ ಕೈ ಹಿಂದೆಗೆಯುವವರಲ್ಲ. ಮತ್ತೆ ಏನು ಕಡಿಮೆ?

ಒಂದು ಘಟನೆ ಹೇಳುತ್ತೇನೆ. ಯಾವ ಊರು, ಯಾರು ನಡೆಸಿದ್ದು ಎಂಬುದು ಬೇಡ, ಅವರನ್ನು ದೂರುವುದು ನನ್ನ ಉದ್ದೇಶವಲ್ಲ. ಬಹಳ ವರ್ಷಗಳ ಹಿಂದೆ ದೂರದ ಒಂದು ಕೂಟಕ್ಕೆ ತಂಡ ಕರೆದುಕೊಂಡು ಹೋಗಿದ್ದೆ. ನಮ್ಮಲ್ಲೊಬ್ಬ ಸಿರುಗುಪ್ಪ ಕಡೆಯ ಹುಡುಗ, ಭತ್ತದ ಗದ್ದೆಯ ಕಾಲುವೆ ದಂಡೆಯ ಮೇಲೆ ಓಡಿ ಓಡಿ ಬೆಳೆದವನು. ಅವನದು 10,000 ಮೀಟರ್. ಅಂದರೆ 25 ಸುತ್ತು. 24 ಸುತ್ತು ಮುಗಿದಾಗ ಕೊನೆಯ ಸುತ್ತಿನ ಗಂಟೆ ಬಾರಿಸಬೇಕು. ಅವತ್ತು 23ಕ್ಕೇ ಬಾರಿಸಿದರು. ಮೂರನೆಯವನಾಗಿದ್ದ ನಮ್ಮ ಹುಡುಗ ಗಂಟೆ ಕೇಳಿದ್ದೇ ಇದ್ದಬದ್ದ ಶಕ್ತಿಯನ್ನೆಲ್ಲ ಕಾಲಿಗೆ ತುಂಬಿ ಓಡಿದ. ಇಬ್ಬರನ್ನೂ ಹಿಂದೆ ಹಾಕಿ ಗೆರೆ ದಾಟಿ, ಅಲ್ಲೇ ಮಂಡಿಯೂರಿ ಬಿದ್ದ. ಆಗ ಯಾರೋ ಕೈ ಬೀಸುತ್ತಾ ಓಡಿ ಬಂದರು: ಇನ್ನೂ ಒಂದು ಸುತ್ತು ಇದೆ, ಇನ್ನೂ ಒಂದು ಸುತ್ತು! ಅವನು ನನ್ನ ಕಡೆ ನೋಡಿದ. ಆ ನೋಟ ನನ್ನ ಕಣ್ಣ ಮುಂದಿನಿಂದ ಇವತ್ತಿಗೂ ಹೋಗಿಲ್ಲ. ಎದ್ದ. ಓಡಿದ. ಒಂಬತ್ತನೆಯವನಾಗಿ ಬಂದ. ಗಂಟೆಯನ್ನು ನಂಬದೆ ತನ್ನ ಲೆಕ್ಕವನ್ನೇ ಹಿಡಿದು ಒಂದೇ ವೇಗದಲ್ಲಿ ಓಡಿದ ಇನ್ನೊಬ್ಬ ಹುಡುಗ ಗೆದ್ದ. ನಾವು ತಕರಾರು ಬರೆದುಕೊಟ್ಟೆವು, ಚರ್ಚೆ ಆಯಿತು. ಖಾಲಿಯಾದ ಕಾಲಿಗೆ ಯಾವ ಚರ್ಚೆ ಶಕ್ತಿ ತುಂಬುತ್ತದೆ?

ಆಮೇಲೆ ಆ ಲ್ಯಾಪ್ ಎಣಿಸಿದವರನ್ನು ಮಾತಾಡಿಸಿದೆ. ಶಾಲೆಯ ಮೇಷ್ಟ್ರು, ಒಳ್ಳೆಯ ಮನುಷ್ಯ. ಅವತ್ತು ಬೆಳಗ್ಗೆ ಜನ ಸಾಲದು ಎಂದು ಕರೆತಂದಿದ್ದರಂತೆ. ಇಪ್ಪತ್ತು ಜನ ಓಟಗಾರರ ಹಾಳೆ ಅವರೊಬ್ಬರ ಕೈಯಲ್ಲೇ ಇತ್ತು. ಹಿಂದೆ ಬಿದ್ದವರು, ಮುಂದೆ ಹೋದವರು, ಸುತ್ತು ತಪ್ಪಿಸಿಕೊಂಡವರು ಎಲ್ಲ ಒಂದೇ ಗುಂಪಿನಲ್ಲಿ ಕಲೆತು ಬರುವಾಗ ಯಾರ ಕಣ್ಣಾದರೂ ತಪ್ಪುತ್ತದೆ. ನಿಯಮ ಬಹಳ ಸ್ಪಷ್ಟ. ಒಬ್ಬ ಎಣಿಕೆಗಾರ ನಾಲ್ಕಕ್ಕಿಂತ ಹೆಚ್ಚು ಓಟಗಾರರ ಲೆಕ್ಕ ಇಡುವಂತಿಲ್ಲ. ಇಪ್ಪತ್ತು ಜನಕ್ಕೆ ಐವರು ಬೇಕು. ಪ್ರತಿ ಸುತ್ತಿಗೂ ಪ್ರತಿಯೊಬ್ಬನ ಸಮಯವನ್ನು ಅವರು ಬರೆದುಕೊಳ್ಳಬೇಕು. ಅವತ್ತು ಆ ಊರಿನ ಟ್ರ್ಯಾಕ್ ಚೆನ್ನಾಗಿತ್ತು, ಪೆಂಡಾಲು ಭರ್ಜರಿ, ವೇದಿಕೆಗೆ ಹೂವಿನ ಅಲಂಕಾರ. ಇಲ್ಲದಿದ್ದದ್ದು ನಾಲ್ಕು ಜನ ಎಣಿಕೆಗಾರರು.

ಟ್ರ್ಯಾಕನ್ನು ಹಣ ಕೊಟ್ಟರೆ ಕೆಲವೇ ತಿಂಗಳಲ್ಲಿ ಹಾಸಿಕೊಡುತ್ತಾರೆ. ಎಂಟು ಲೇನಿಗೆ ಹತ್ತರಂತೆ 80 ಹರ್ಡಲ್‌ಗಳನ್ನು ಕೊಳ್ಳಬಹುದು. ಆದರೆ ಮಹಿಳೆಯರ 100 ಮೀಟರ್ ಹರ್ಡಲ್ಸ್ ಮುಗಿದ ಕೂಡಲೇ ಆ 80ನ್ನೂ 84 ಸೆಂಟಿಮೀಟರಿನಿಂದ 106.7ಕ್ಕೆ ಎತ್ತರಿಸಿ, ಪುರುಷರ 110 ಮೀಟರಿನ ಗುರುತಿಗೆ ತಂದಿಟ್ಟು, ಒಂದೂ ತಪ್ಪದಂತೆ ನಿಮಿಷಗಳಲ್ಲಿ ಸಜ್ಜು ಮಾಡುವ ತಂಡವನ್ನು ಕೊಳ್ಳಲಾಗದು. ಸ್ಟಾರ್ಟರ್ ಬೇಕು, ತಿರುವಿನಲ್ಲಿ ಲೇನ್ ತುಳಿದವರನ್ನು ಹಿಡಿಯುವ ಅಂಪೈರ್ ಬೇಕು, ಫೋಟೊ ಫಿನಿಶ್ ಚಿತ್ರದಲ್ಲಿ ತಲೆಯನ್ನೂ ಕೈಯನ್ನೂ ಬಿಟ್ಟು ಎದೆಯ ಅಂಚನ್ನು ಗುರುತಿಸುವ ಕಣ್ಣು ಬೇಕು. ಸ್ಪರ್ಧೆಗೆ ಮೊದಲು ಆಟಗಾರರನ್ನು ಸೇರಿಸುವ ಕಾಲ್ ರೂಮಿನಲ್ಲಿ ಕನ್ನಡ, ತೆಲುಗು, ಹಿಂದಿ ಮೂರರಲ್ಲೂ ಮಕ್ಕಳನ್ನು ಸಮಾಧಾನದಿಂದ ಮಾತಾಡಿಸಿ, ಸ್ಪೈಕ್ಸ್, ನಂಬರು ನೋಡಿ ಹೊತ್ತಿಗೆ ಸರಿಯಾಗಿ ಟ್ರ್ಯಾಕಿಗೆ ಕಳಿಸುವವರು ಬೇಕು. ಇದರಲ್ಲಿ ನಮ್ಮ ಬಳ್ಳಾರಿಯವರಿಗೆ ಹುಟ್ಟಿನಿಂದಲೇ ಒಂದು ಅನುಕೂಲ ಇದೆ! ನನ್ನ ಅಂದಾಜಿನಲ್ಲಿ ದೊಡ್ಡ ಕೂಟಕ್ಕೆ ನೂರು ಜನಕ್ಕಿಂತ ಕಡಿಮೆ ಆಗುವುದಿಲ್ಲ. ತೋರಣಗಲ್ಲಿನಲ್ಲಿ ಕೂಟ ನಡೆದಾಗ ಅವರಲ್ಲಿ ಎಷ್ಟು ಮಂದಿ ಬಳ್ಳಾರಿ, ರಾಯಚೂರು, ಕೊಪ್ಪಳದವರಾಗಿರುತ್ತಾರೆ ಎಂಬುದೇ ನನ್ನ ಪ್ರಶ್ನೆ. ಹೊರಗಿನಿಂದ ಬಂದವರು ಮುಗಿಸಿಕೊಂಡು ರೈಲು ಹತ್ತಿದರೆ, ಆ ವಿದ್ಯೆಯೂ ಅವರ ಜೊತೆ ರೈಲು ಹತ್ತುತ್ತದೆ.

ಆದ್ದರಿಂದ ನನ್ನ ಕೋರಿಕೆ ಹೀಗಿದೆ. ನಮ್ಮಲ್ಲಿ ಈ ಮೂರು ವಿಶ್ವವಿದ್ಯಾಲಯಗಳಿವೆ. ಬಳ್ಳಾರಿಯಲ್ಲಿ ಶ್ರೀಕೃಷ್ಣದೇವರಾಯರ ಹೆಸರಿನದು, ರಾಯಚೂರಿನದು, ಕೊಪ್ಪಳದ್ದು. ಮೂರೂ ಸೇರಿ ಕೂಟವನ್ನು ಕೇಳಲಿ. ಆದರೆ ಕೇಳುವುದಕ್ಕೆ ಮೂರು ವರ್ಷ ಮೊದಲಿನಿಂದ, ತಮ್ಮ ಅಂತರ ಕಾಲೇಜು ಕೂಟಗಳನ್ನೇ ಪೂರ್ತಿ ನಿಯಮದ ಪ್ರಕಾರ ನಡೆಸಲಿ. ಓಟಗಾರರು ಆರೇ ಜನ ಇದ್ದರೂ ಇಬ್ಬರು ಎಣಿಕೆಗಾರರು ಕೂರಲಿ. ಗಾಳಿಮಾಪಕ ಇಡಲಿ. ಓಡಲಾಗದ, ಆದರೆ ಮೈದಾನ ಬಿಟ್ಟಿರಲಾಗದ ಹುಡುಗ ಹುಡುಗಿಯರು ಪ್ರತಿ ಕಾಲೇಜಿನಲ್ಲೂ ಇರುತ್ತಾರೆ. ಗಾಯವಾಗಿ ಓಟ ನಿಲ್ಲಿಸಿದವರು ಇರುತ್ತಾರೆ. ಅವರ ಕೈಗೆ ನಿಯಮದ ಪುಸ್ತಕ ಕೊಡಿ, ಬಾವುಟ ಕೊಡಿ. ಮೂಡುಬಿದಿರೆಯಲ್ಲೋ ಭುವನೇಶ್ವರದಲ್ಲೋ ಕೂಟ ನಡೆದಾಗ ಓಡುವವರ ಜೊತೆ ಅವರನ್ನೂ ಕಳಿಸಿ, ಜಿಗಿತದ ಗುಂಡಿಯ ಪಕ್ಕ ನಿಂತು ನೋಡಿ ಬರಲಿ. ನನ್ನ ಆ ಸಿರುಗುಪ್ಪದ ಹುಡುಗ ಈಗ ಮೇಷ್ಟ್ರಾಗಿದ್ದಾನೆ. ತಾಲ್ಲೂಕು ಕೂಟದಲ್ಲಿ ಲ್ಯಾಪ್ ಹಾಳೆಯನ್ನು ಅವನು ಬೇರೆಯವರಿಗೆ ಕೊಡುವುದೇ ಇಲ್ಲ.

ಈ ಮಾತು ಕೇಳುತ್ತಿರುವ ದೈಹಿಕ ಶಿಕ್ಷಕರೇ, ಮುಂದಿನ ಕೂಟಕ್ಕೆ ಬಟ್ಟೆಯ ಟೇಪು ಬಿಟ್ಟುಬಿಡಿ, ಅದು ಹಿಗ್ಗುತ್ತದೆ. ಸ್ಟೀಲ್ ಟೇಪು ತನ್ನಿ. ಸೊನ್ನೆಯ ತುದಿ ಮರಳಿನ ಗುರುತಿನಲ್ಲಿರಲಿ, ಅಂಕಿಯನ್ನು ಬೋರ್ಡಿನ ಕಡೆ ಓದಿ. ಓದುವಾಗ ಪಕ್ಕದಲ್ಲಿ ಒಬ್ಬ ವಿದ್ಯಾರ್ಥಿಯನ್ನು ಕೂರಿಸಿಕೊಳ್ಳಿ. ಅಂಕಿಯನ್ನು ಮೊದಲು ಅವನು ಹೇಳಲಿ, ಆಮೇಲೆ ನೀವು ಹೇಳಿ.

ನಮಸ್ಕಾರ.